ಅಲ್ಲಾಬಕ್ಷ ಮುಚ್ಚಿದ ಹರಕು

ರಾಣೇಬೆನ್ನೂರಿನ ದರ್ಜಿಗಳ ಓಣಿಯಲ್ಲಿ ಅಲ್ಲಾಬಕ್ಷನ ಅಂಗಡಿಗೆ ಬೋರ್ಡು ಇಲ್ಲ. ಬಾಗಿಲಿಗಿಂತ ಒಂದು ಗೇಣು ಹೆಚ್ಚು ಅಗಲದ ಜಾಗ, ಒಂದು ಚಾಪೆ, ಕೈಗೆ ಬೇಕಾದಲ್ಲಿಗೆ ಬಾಗುವ ಒಂದು ದೀಪ, ಹಲಗೆಯ ಮೇಲೆ ಬಣ್ಣಬಣ್ಣದ ನೂಲಿನ ಉಂಡೆಗಳು. ಇಷ್ಟೇ. ರೇಷ್ಮೆ ಸೀರೆಗೆ ಮೊಳೆ ತಗುಲಿದವರು, ಮದುವೆಯ ಸೂಟಿನ ಮೇಲೆ ಊದುಬತ್ತಿಯ ಕಿಡಿ ಬಿದ್ದವರು ಹಾವೇರಿಯಿಂದ, ಬ್ಯಾಡಗಿಯಿಂದ ಕೇಳಿಕೊಂಡು ಬರುತ್ತಾರೆ. ರಫೂ ಅಲ್ಲಾಬಕ್ಷ ಎಂದರೆ ಸಾಕು, ಬಸ್ ನಿಲ್ದಾಣದ ಆಟೋದವರು ತಂದು ಬಿಡುತ್ತಾರೆ.

ರಫೂ ಎಂದರೆ ತೇಪೆಯಲ್ಲ. ತೇಪೆ ಯಾರು ಬೇಕಾದರೂ ಹಾಕುತ್ತಾರೆ. ಹರಿದ ಬಟ್ಟೆಯದೇ ಒಳಮಡಿಕೆಯಿಂದ ನೂಲು ಎಳೆದುಕೊಂಡು, ಉದ್ದೆಳೆಗೆ ಉದ್ದೆಳೆ, ಅಡ್ಡೆಳೆಗೆ ಅಡ್ಡೆಳೆ ಕೂಡಿಸಿ, ಸೂಜಿಯಿಂದಲೇ ಆ ತುಂಡನ್ನು ಮತ್ತೆ ನೇಯುವುದು ರಫೂ. ಇದನ್ನು ಅಲ್ಲಾಬಕ್ಷ ಹುಬ್ಬಳ್ಳಿಯ ಉಸ್ತಾದರೊಬ್ಬರ ಕೈಕೆಳಗೆ ಆರು ವರ್ಷ ಕೂತು ಕಲಿತ. ಅದಕ್ಕೂ ಮೊದಲು ಅವನ ಕೈಯಲ್ಲಿ ಇದ್ದದ್ದು ಗೋಣಿ ಹೊಲಿಯುವ ದಬ್ಬಣ. ಅವನ ತಾಯಿ ಮಾಸುಮಬಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ಹಮಾಲರ ಕೊಕ್ಕೆ ಬಿದ್ದ ಚೀಲಗಳು ಅವಳ ಮುಂದೆ ಗುಡ್ಡದಂತೆ ಒಟ್ಟಿರುತ್ತಿದ್ದವು. ಮೆಣಸಿನಕಾಯಿಯ ಘಾಟಿಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಸುತಳಿ ಪೋಣಿಸಿ, ನಾಲ್ಕು ಎಳೆತಕ್ಕೆ ಒಂದು ಹರಕು ಮುಚ್ಚುತ್ತಿದ್ದಳು. ಗೋಣಿಯ ಮೇಲಿನ ಅವಳ ಹೊಲಿಗೆ ಹತ್ತು ಮಾರು ದೂರಕ್ಕೆ ಕಾಣುತ್ತಿತ್ತು. ಮಗನ ಹೊಲಿಗೆ ಮೂಗಿನ ಹತ್ತಿರ ಹಿಡಿದರೂ ಕಾಣುವುದಿಲ್ಲ. ಒಂದು ತಲೆಮಾರಿನಲ್ಲಿ ತಾವು ಎಷ್ಟು ದೂರ ಬಂದೆವು ಎಂಬುದನ್ನು ಅವನು ಇದರಿಂದಲೇ ಅಳೆಯುತ್ತಿದ್ದ.

ಅಲ್ಲಾಬಕ್ಷನದು ಒಂದು ಪದ್ಧತಿ. ಕೆಲಸ ಮುಗಿದ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಟ್ಟು, "ಎಲ್ಲಿ ಹರಿದಿತ್ತು, ತೋರಿಸ್ರಿ ನೋಡೋಣು" ಎನ್ನುತ್ತಾನೆ. ಗಿರಾಕಿ ಬೆಳಕಿಗೆ ಹಿಡಿಯುತ್ತಾನೆ, ಬೆರಳಾಡಿಸುತ್ತಾನೆ, ಕೊನೆಗೆ ಸೋತು ನಗುತ್ತಾನೆ. ಆ ನಗು ಕಂಡರೆ ಅಲ್ಲಾಬಕ್ಷನಿಗೆ ಅವತ್ತಿನ ಊಟ ಒಳಗೆ ಇಳಿಯುತ್ತದೆ.

ಎದುರಿಗೆ ಚಹಾದಂಗಡಿ ಇಟ್ಟಿರುವ ಫಕ್ಕೀರೇಶ ಮಾತ್ರ ಈ ಹೆಮ್ಮೆಯನ್ನು ಸುಮ್ಮನೆ ಬಿಟ್ಟವನಲ್ಲ. ಒಮ್ಮೆ ಅವನ ಮಗ ಉದ್ದ ಕಡಿಮೆ ಮಾಡಿಸಲು ಕೊಟ್ಟಿದ್ದ ಜೀನ್ಸ್ ಪ್ಯಾಂಟಿನ ಮೊಣಕಾಲು ಹರಿದದ್ದನ್ನು ಕಂಡು, ಅಲ್ಲಾಬಕ್ಷ ಕೇಳದೇ ಅದನ್ನೂ ಕೂಡಿಸಿಬಿಟ್ಟಿದ್ದ. ಅಂಗಡಿಯಿಂದ ಹೊಸದಾಗಿ ತರುವಾಗಲೇ ಅದು ಹರಿದಿತ್ತು. ಅದಕ್ಕೇ ಬೆಲೆ ಜಾಸ್ತಿ. ಹುಡುಗ ಎರಡು ದಿನ ಮನೆಯಲ್ಲಿ ಊಟ ಬಿಟ್ಟನಂತೆ.

"ಸಾಬ್ರ ಮುಂದ ಬಾಯಿ ತಗದು ಕುಂದ್ರಬ್ಯಾಡ್ರಪಾ, ಅದನ್ನೂ ರಫೂ ಮಾಡಿಬಿಡ್ತಾರ" ಎಂದು ಫಕ್ಕೀರೇಶ ಇಂದಿಗೂ ಗಿರಾಕಿಗಳಿಗೆ ಹೇಳುತ್ತಾನೆ.

ಹೋದ ವರ್ಷ ಶ್ರಾವಣದಲ್ಲಿ ಬ್ಯಾಡಗಿಯ ಮಾರುಕಟ್ಟೆ ಬರಿದಾಗಿದ್ದ ಹೊತ್ತಿಗೆ ಅಲ್ಲಿ ಒಂದು ಸಿನಿಮಾದ ಚಿತ್ರೀಕರಣ ನಡೆಯಿತು. ತೆಗೆಯುತ್ತಿದ್ದವಳು ಬ್ಯಾಡಗಿಯವಳೇ, ಶೀಲಾ ಎಂಬ ಮೂವತ್ತರ ಹೆಣ್ಣುಮಗಳು. ಅವಳ ತಂದೆ ಹೊಳಿಯಪ್ಪ ಅದೇ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನು. ಸಿನಿಮಾದ ಹೆಸರು 'ತೂಕದ ಹೊತ್ತು'. ದಲಾಲಿ ಅಂಗಡಿಯ ಒಬ್ಬ ಮುದಿ ಗುಮಾಸ್ತ ಮತ್ತು ಅವನ ಹೆಂಡತಿಯ ಕಥೆ. ಗುಮಾಸ್ತ ಮಳೆ ಇರಲಿ ಬಿಸಿಲಿರಲಿ ಒಂದೇ ಕಂದು ಉಣ್ಣೆಯ ಕೋಟು ಹಾಕುತ್ತಾನೆ.

ಆ ಕೋಟನ್ನು ಶೀಲಾಳ ಸಹಾಯಕ, ದೇವರಗುಡ್ಡದ ಚನ್ನೇಶ, ಒಂದು ಮಧ್ಯಾಹ್ನ ಅಲ್ಲಾಬಕ್ಷನ ಚಾಪೆಯ ಮೇಲೆ ಬಿಡಿಸಿಟ್ಟ. ಬೆನ್ನಿನ ಮೇಲೆ, ಎಡಭುಜದ ಕೆಳಗೆ, ಒಂದು ಗೇಣು ಉದ್ದದ ಹರಕು. ಹಮಾಲಿ ಕೊಕ್ಕೆ ಸಿಕ್ಕಿ ಹರಿದದ್ದು.

"ಕಾಕಾ, ಇದನ್ನ ಮುಚ್ಚಬ್ಯಾಡ್ರಿ ಮತ್ತ" ಎಂದ ಚನ್ನೇಶ. "ಹರಿದದ್ದು ಹಂಗ ಕಾಣಬೇಕು. ಎಳಿ ಬಿಚ್ಚಿ ದಿನಾ ಒಂದೊಂದು ಬೆರಳು ದೊಡ್ಡದಾಗಾಕತ್ತೈತಿ. ಬರೇ ಅಂಚು ಹಿಡದು ಕೊಡ್ರಿ."

"ಕಾಣೂಹಂಗ ಹೊಲಿಯೂದಾದ್ರ ನಾ ಯಾಕ ಬೇಕೋ ತಮ್ಮಾ? ನಿಮ್ಮವ್ವನ ಕೈಲೆ ಹೊಲಿಸು."

"ಶೀಲಕ್ಕ ನಿಮ್ಮ ಕೈಲೇ ಆಗಬೇಕು ಅಂದಾಳ್ರಿ. ಸಿನಿಮಾದಾಗ ನಿಮ್ಮ ಹೆಸರೂ ಹಾಕತೀವಿ. ನಾಳೆ ಮುಂಜಾನೆ ಲಗೂ ಬಂದು ಒಯ್ತೇನಿ. ಹರಕು ಕೋಟಿನ ದೃಶ್ಯ ಎಲ್ಲಾ ನಾಳೆ ಒಂದ ದಿನದಾಗ ತಗೀತೇವಿ, ಆಮ್ಯಾಲೆ ಗುಮಾಸ್ತನ ಪಾತ್ರದವ್ರು ಊರಿಗೆ ಹೋಗ್ತಾರ."

ಅಲ್ಲಾಬಕ್ಷ ತಲೆಯಾಡಿಸಿದ. ಮಾತು ಅವನಿಗೆ ಪೂರಾ ಅರ್ಥವಾಗಿತ್ತು. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ಅವನನ್ನು ಸುಟ್ಟದ್ದು ಇದೇ. ತಿಳಿಯದೆ ಮಾಡಿದ್ದರೆ ಅವನು ತನ್ನನ್ನು ತಾನು ಎಂದೋ ಕ್ಷಮಿಸಿಕೊಳ್ಳುತ್ತಿದ್ದ.

ಸೂಜಿ ಪೋಣಿಸಿ ಅಂಚು ಹಿಡಿಯಲು ಶುರುಮಾಡಿದ. ನಾಲ್ಕು ಬೆರಳು ಹೊಲಿದ ಮೇಲೆ ಕೈ ನಿಂತಿತು. ಪರದೆಯ ಮೇಲೆ ತನ್ನ ಹೆಸರು ಬರುತ್ತದೆ. ಅದೇ ಪರದೆಯ ಮೇಲೆ ಈ ಹರಕೂ ಬಾಯಿ ಬಿಟ್ಟುಕೊಂಡು ಬರುತ್ತದೆ. ನೋಡಿದವರು ಏನೆಂದಾರು? ಅಲ್ಲಾಬಕ್ಷನ ರಫೂ ಅಂದರೆ ಇದೇನೋ, ಇದಕ್ಕಿಂತ ಅವನ ಅವ್ವನ ಗೋಣಿಚೀಲವೇ ವಾಸಿ ಎಂದಾರು. ಉಣ್ಣೆಯೋ ಹಳೆಯ ಕಾಲದ್ದು, ಬೆಣ್ಣೆಯಂಥದ್ದು. ಇಂಥ ಬಟ್ಟೆ ಅವನ ಕೈಗೆ ಸಿಕ್ಕು ಎಷ್ಟೋ ವರ್ಷವಾಗಿತ್ತು. ಒಳಮಡಿಕೆ ಬಿಚ್ಚಿ ಒಂದು ಎಳೆ ತೆಗೆದು ನೋಡಿದ. ಇನ್ನೊಂದು ತೆಗೆದ. ಆಮೇಲೆ ಏನೂ ಯೋಚನೆ ಮಾಡಲಿಲ್ಲ. ಸಂಜೆ ಮಗ್ರಿಬ್ ಆಜಾನ್ ಕೇಳುವ ಹೊತ್ತಿಗೆ ಕೋಟಿನ ಬೆನ್ನು ಇಡಿಯಾಗಿತ್ತು. ದೀಪವನ್ನು ಆ ಕಡೆ ಈ ಕಡೆ ಬಾಗಿಸಿ ನೋಡಿದ. ತಾನೇ ಮಾಡಿದ್ದು ತನಗೇ ಕಾಣಲಿಲ್ಲ. ನೋಡಿದರೆ ಅವರಿಗೇ ಖುಷಿಯಾಗುತ್ತದೆ, ಹರಿಯುವುದೇನು, ಯಾವಾಗ ಬೇಕಾದರೂ ಹರಿಯಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಆದರೆ ಮರುದಿನ ಬೆಳಿಗ್ಗೆ ಚನ್ನೇಶ ಬಂದಾಗ, ಕೋಟಿನ ಬೆನ್ನು ಒಳಗಾಗುವಂತೆ ಮಡಿಸಿ ಪೇಪರಿನಲ್ಲಿ ಸುತ್ತಿ ಕೊಟ್ಟ. "ಎಲ್ಲಿ ಹರಿದಿತ್ತು, ತೋರಿಸ್ರಿ" ಎಂಬ ಮಾತು ಅವತ್ತು ಬಾಯಿಗೆ ಬರಲಿಲ್ಲ. ಚನ್ನೇಶ ಬೈಕು ಬಂದ್ ಮಾಡದೆಯೇ ಗಂಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಹೋದ.

ಆಮೇಲೆ ಯಾರೂ ಬಂದು ಕೇಳಲಿಲ್ಲ. ಕೇಳದ್ದನ್ನು ಅಲ್ಲಾಬಕ್ಷ ಮೆಚ್ಚುಗೆ ಎಂದೇ ತಿಳಿದ.

ಈ ವರ್ಷ ಸಿನಿಮಾ ರಾಣೇಬೆನ್ನೂರಿಗೆ ಬಂತು. ಒಂದು ಭಾನುವಾರ ಬೆಳಗಿನ ಆಟಕ್ಕೆ, ಸಿನಿಮಾಕ್ಕೆ ದುಡಿದ ಊರವರಿಗೆಲ್ಲ ಸನ್ಮಾನ ಎಂದು ಶೀಲಾ ಹೇಳಿಕಳಿಸಿದ್ದಳು. ಅಲ್ಲಾಬಕ್ಷ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಹೆಂಡತಿ ಬಿಸ್ಮಿಲ್ಲಾಬಿ ಪೆಟ್ಟಿಗೆಯ ತಳದಿಂದ ಸೀರೆ ತೆಗೆದಳು. ಹಾವೇರಿಯ ವಕೀಲರೊಬ್ಬರ ಹತ್ತಿರ ಟೈಪಿಂಗ್ ಕೆಲಸ ಮಾಡುವ ಮಗಳು ಬೇನಜೀರ ಅವತ್ತಿಗೆಂದೇ ಬಂದಿದ್ದಳು. ಓಣಿಯ ದರ್ಜಿಗಳು, ಫಕ್ಕೀರೇಶ, ಅವನ ಅಂಗಡಿಯಲ್ಲಿ ದಿನಾ ಪೇಪರು ಓದುವ ನಿವೃತ್ತ ಮಾಸ್ತರ ಶಂಭುಲಿಂಗ, ಎಲ್ಲರನ್ನೂ ಅಲ್ಲಾಬಕ್ಷನೇ ಕರೆದಿದ್ದ. ಎರಡು ಸಾಲು ತುಂಬ ಅವನ ಮಂದಿ.

ಹೆಸರುಗಳು ಮೊದಲೇ ಬಂದವು. 'ರಫೂ: ಅಲ್ಲಾಬಕ್ಷ, ರಾಣೇಬೆನ್ನೂರು.' ದರ್ಜಿಗಳು ಸಿಳ್ಳೆ ಹೊಡೆದರು. ಬಿಸ್ಮಿಲ್ಲಾಬಿಗೆ ಓದಲು ಬರುವುದಿಲ್ಲ. "ಯಾವುದ್ರಿ, ಯಾವುದು?" ಎನ್ನುವಷ್ಟರಲ್ಲಿ ಹೆಸರು ಮೇಲೆ ಹೋಗಿಬಿಟ್ಟಿತು.

ಸಿನಿಮಾ ಶುರುವಾಯಿತು. ಗುಮಾಸ್ತ ತಕ್ಕಡಿಯ ಮುಂದೆ ಕೂತಿದ್ದಾನೆ. ಕೂತೇ ಇದ್ದಾನೆ. ಒಂದು ನೊಣ ಬಂತು, ಹೋಯಿತು. ಹೆಂಡತಿ ರೊಟ್ಟಿ ಬಡಿಯುತ್ತಾಳೆ, ಒಂದು ರೊಟ್ಟಿ ಪೂರಾ ಬೇಯುವವರೆಗೆ ತೋರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಹೆಂಡತಿಯ ಹೆಣ. ಸುದ್ದಿ ಕೇಳಿ ಗುಮಾಸ್ತ ಮಾರುಕಟ್ಟೆಯಿಂದ ಓಡುವಾಗ ಚೀಲಕ್ಕೆ ಸಿಕ್ಕಿಸಿದ್ದ ಕೊಕ್ಕೆ ಬೆನ್ನಿಗೆ ತಗುಲಿ ಕೋಟು ಪರ್ರೆಂದು ಹರಿಯಿತು.

"ಈಗ ಬರತೈತಿ ನೋಡು ನನ್ನ ಕೆಲಸ" ಎಂದು ಅಲ್ಲಾಬಕ್ಷ ಹೆಂಡತಿಯ ಕಿವಿಯಲ್ಲಿ ಹೇಳಿದ.

ಮುಂದಿನ ದೃಶ್ಯದಲ್ಲಿ ಮತ್ತೆ ಮನೆ. ಗುಮಾಸ್ತ ಎರಡು ತಾಟು ಇಡುತ್ತಾನೆ. ಹೆಂಡತಿ ಒಲೆಯ ಮುಂದೆ ಕೂತಿದ್ದಾಳೆ. ಅವಳಿಗೆ ಅವನು ಅವತ್ತು ಹೆಣ ಮಣ್ಣು ಮಾಡಲು ಯಾರು ಯಾರು ಬಂದಿದ್ದರು ಎಂದು ನಿಧಾನವಾಗಿ ಹೇಳುತ್ತಿದ್ದಾನೆ. ಅವಳು ತಿರುಗಿ ನೋಡುವುದಿಲ್ಲ.

"ಏ, ಸತ್ತಾಕಿ ಮತ್ತ ರೊಟ್ಟಿ ಬಡಿಯಾಕತ್ತಾಳ್ಲೇ" ಎಂದಿತು ಹಿಂದಿನಿಂದ ಒಂದು ದನಿ.

"ಆಕಿ ಮುಂದನ ಆಕಿ ಮಣ್ಣಿನ ಸುದ್ದಿ ಹೇಳಾಕತ್ತಾನಪಾ. ಇಂವ ಗಟ್ಟಿ ಅದಾನ."

ಜನ ನಕ್ಕರು. ಸಿನಿಮಾ ಹಿಂದೆ ಹೋಯಿತು, ಮುಂದೆ ಬಂತು. ಹೆಂಡತಿ ಒಮ್ಮೆ ಮಾತಾಡುತ್ತಾಳೆ, ಒಮ್ಮೆ ಸುಮ್ಮನಿರುತ್ತಾಳೆ. ಯಾವುದು ಮೊದಲು, ಯಾವುದು ಆಮೇಲೆ, ಯಾರಿಗೂ ತಿಳಿಯಲಿಲ್ಲ. ಫಕ್ಕೀರೇಶ ಆಗಲೇ ಬಾಯಿ ತೆರೆದು ನಿದ್ದೆ ಹೋಗಿದ್ದ. ಬಿಸ್ಮಿಲ್ಲಾಬಿ ಒಂದೆರಡು ಸಲ ಗಂಡನ ಮುಖ ನೋಡಿದಳು.

ಆಗ ಬಂತು ಗೂಟದ ಮೇಲಿನ ಕೋಟು. ಬೆನ್ನು ನೋಡುವವರ ಕಡೆಗೆ. ಬೇರೆ ಏನೂ ಇಲ್ಲ, ಸುಣ್ಣದ ಗೋಡೆ, ಮರದ ಗೂಟ, ಕಂದು ಕೋಟು. ಅರ್ಧ ನಿಮಿಷವಾಯಿತು. ಒಂದು ನಿಮಿಷವಾಯಿತು. ಜನ ಸಿಳ್ಳೆ ಹಾಕಿದರು, "ಹೀರೋ ಬಂದಾ" ಎಂದರು. ಎರಡು ನಿಮಿಷವಾಯಿತು. ಅಲ್ಲಾಬಕ್ಷ ಎಡಭುಜದ ಕೆಳಗೆ ನೋಡಿದ. ಒಂದಾಳಿನ ಮೈಗಾಗುವ ಕೋಟು ಈಗ ಮನೆಯಷ್ಟು ದೊಡ್ಡದಾಗಿತ್ತು, ಆದರೂ ಒಂದು ಗೆರೆ ಇರಲಿಲ್ಲ. ಇಡೀ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಅವನು ಮಾಡಿರಲಿಲ್ಲ.

ಹಾಗೆ ನೋಡುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ಕೋಟು ಹರಿದಿದ್ದರೆ ಹೆಂಡತಿ ಸತ್ತಿದ್ದಾಳೆ. ಹರಿಯದಿದ್ದರೆ ಇದ್ದಾಳೆ. ಇಷ್ಟೇ ಲೆಕ್ಕ. ಎರಡು ತಾಟು ಇಟ್ಟದ್ದು ಸತ್ತ ಮೇಲೆ. ಒಲೆಯ ಮುಂದೆ ತಿರುಗಿ ನೋಡದೆ ಕೂತವಳು ಹೆಂಡತಿಯಲ್ಲ, ಮುದುಕನ ನೆನಪು. ಒಂದು ಗೇಣು ಹರಕು ಕಂಡಿದ್ದರೆ ಈ ಮಂದಿಯಲ್ಲಿ ಓದಲು ಬಾರದ ಬಿಸ್ಮಿಲ್ಲಾಬಿಗೂ ಅದು ತಿಳಿಯುತ್ತಿತ್ತು. ಆ ಹರಕು ಎಲ್ಲಿ ಹೋಯಿತು ಎಂಬುದು ಇಡೀ ಚಿತ್ರಮಂದಿರದಲ್ಲಿ ತನಗೊಬ್ಬನಿಗೇ ಗೊತ್ತು ಎಂದುಕೊಂಡ.

ದೀಪಗಳು ಹತ್ತಿದವು. ಮಧ್ಯಂತರ. ಸನ್ಮಾನ.

ಮೊದಲು ಟೆಂಪೊ ಓಡಿಸಿದವನು, ಆಮೇಲೆ ಅಡುಗೆಯವಳು, ಆಮೇಲೆ ಅಲ್ಲಾಬಕ್ಷನ ಹೆಸರು ಕರೆದರು. ಅವನು ಏಳಲಿಲ್ಲ. ಬೇನಜೀರ ಮೊಣಕೈಯಿಂದ ತಿವಿದಳು. ವೇದಿಕೆಯ ಮೇಲೆ ಶೀಲಾ ಶಾಲು ಹೊದಿಸಿ, ಹಾವೇರಿಯಿಂದ ಮಾಡಿಸಿ ತಂದ ಏಲಕ್ಕಿ ಹಾರ ಕೊರಳಿಗೆ ಹಾಕಿದಳು. ತೆಳ್ಳನೆಯ ಹುಡುಗಿ, ಕಣ್ಣ ಕೆಳಗೆ ಕಪ್ಪು. "ನಮ್ಮ ಕಾಕಾನಂಥ ರಫೂ ಮಾಡವ್ರು ಈ ಸೀಮ್ಯಾಗ ಇಲ್ಲ" ಎಂದು ಮೈಕಿನಲ್ಲಿ ಹೇಳಿದಳು. ಅಲ್ಲಾಬಕ್ಷ ಅವಳ ಕಾಲಿನ ಚಪ್ಪಲಿಯನ್ನು ನೋಡುತ್ತ ನಿಂತ. ಏಲಕ್ಕಿಯ ವಾಸನೆ ಮೂಗಿಗೆ ಅಡರಿತು.

ಉಳಿದ ಅರ್ಧವನ್ನು ನೋಡಲು ಅರ್ಧ ಮಂದಿ ಮಾತ್ರ ಉಳಿದಿದ್ದರು. ಆಟ ಮುಗಿದ ಮೇಲೆ ಶೀಲಾ ಮತ್ತೆ ಬಂದು, ಕೇಳುವುದಿದ್ದರೆ ಕೇಳಿ ಎಂದಳು. ಶಂಭುಲಿಂಗ ಮಾಸ್ತರು ಎದ್ದು ನಿಂತರು.

"ತಂಗಿ, ನಾ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳೀನಿ. ಕಥಿಗೆ ಒಂದು ತಲಿ, ಒಂದು ಬಾಲ ಅಂತ ಇರತೈತಿ. ನಿನ್ನ ಕಥಿಯೊಳಗ ಸತ್ತಾಕಿ ಎದ್ದು ಬರ್ತಾಳ, ಬಂದಾಕಿ ಮತ್ತ ಸಾಯ್ತಾಳ. ಇದನ್ನ ನಿನಗ ಯಾರು ಕಲಿಸಿದ್ರು? ಅಪ್ಪನ ದುಡಿಮಿ ಹಾಳಮಾಡಿ ಇದನ್ನ ಕಲತೇನು?"

ಕೆಲವರು ಚಪ್ಪಾಳೆ ತಟ್ಟಿದರು. ಶೀಲಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ತಿಳಿಯೂಹಂಗ ಹೇಳಾಕ ನನಗ ಆಗಿಲ್ರಿ, ಸರ್. ತಪ್ಪು ನಂದು."

ಅಲ್ಲಾಬಕ್ಷ ಎರಡನೇ ಸಾಲಿನಲ್ಲಿ ಇದ್ದ. ಶಾಲು ಹೆಗಲ ಮೇಲಿತ್ತು. ಎದ್ದು ನಿಂತು ಒಂದೇ ಮಾತು ಹೇಳಬಹುದಿತ್ತು. ಓಣಿಯ ದರ್ಜಿಗಳೆಲ್ಲ ಅಕ್ಕಪಕ್ಕದಲ್ಲಿ ಕೂತಿದ್ದರು, ಕೊರಳಲ್ಲಿ ಹಾರವಿತ್ತು. ಶಾಲಿನ ಅಂಚು ಸರಿಮಾಡಿಕೊಂಡು ಕೂತ.

ಬಿಸ್ಮಿಲ್ಲಾಬಿ ಏಲಕ್ಕಿ ಹಾರವನ್ನು ಮನೆಯ ನಡುಗೋಡೆಗೆ ತೂಗುಹಾಕಿದಳು. ಸಣ್ಣ ಮನೆ, ಎಲ್ಲಿ ಕೂತರೂ ಅದರ ವಾಸನೆ. ರಾತ್ರಿ ಊಟಕ್ಕೆ ಕೂತಾಗ ಬೇನಜೀರ ಕೇಳಿದಳು, "ಅಬ್ಬಾ, ಅದು ಹರಿದಿತ್ತಲ್ಲ ಕೋಟು? ಆಮ್ಯಾಲೆ ಮನಿಯೊಳಗ ಹೆಂಗ ಸರಿ ಇತ್ತು?"

"ನನಗೇನ ಗೊತ್ತವ್ವ, ಸಿನಿಮಾದವರದು" ಎಂದು ಅವನು ತಾಟಿನ ಕಡೆ ನೋಡಿದ. ಮಗಳ ಮುಂದೆ ಆಡಿದ ಮೊದಲ ಸುಳ್ಳು ಅದಲ್ಲದಿರಬಹುದು. ಆದರೆ ಅರ್ಧ ಊಟಕ್ಕೆ ಅವನನ್ನು ಎಬ್ಬಿಸಿದ ಸುಳ್ಳು ಅದೊಂದೇ.

ಸಿನಿಮಾ ಮೂರು ದಿನಕ್ಕೆ ಎದ್ದುಹೋಯಿತು. ಆದರೆ ಫಕ್ಕೀರೇಶನ ಅಂಗಡಿಯಲ್ಲಿ ಮಾತ್ರ ನಡೆದೇ ಇತ್ತು. ಚಹಾ ತಡವಾದರೆ "ಇದೇನೋ ತೂಕದ ಹೊತ್ತು ಆತಲ್ಲೋ" ಎನ್ನುವರು. ಹೆಂಡತಿ ತವರಿಗೆ ಹೋಗಿದ್ದಾಳೆಂದು ಯಾರಾದರೂ ಹೇಳಿದರೆ "ಎರಡು ತಾಟು ಇಡು, ಬರ್ತಾಳ" ಎನ್ನುವರು. ಒಂದು ದಿನ ಫಕ್ಕೀರೇಶ ತನ್ನ ಟವೆಲನ್ನು ಮೊಳೆಗೆ ತೂಗುಹಾಕಿ, "ಎಲ್ಲಾರೂ ಹತ್ತು ನಿಮಿಷ ಇದನ್ನ ನೋಡ್ರಿ, ಆಮ್ಯಾಲೆ ಚಾ ಕೊಡ್ತೇನಿ. ಆ ಹೊಳಿಯಪ್ಪನ ಮಗಳು ಇದಕ್ಕ ಕಲೆ ಅಂತಾಳ" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಅಲ್ಲಾಬಕ್ಷನೂ ನಕ್ಕ.

ನಕ್ಕದ್ದು ಗೊತ್ತಾಗುವ ಮೊದಲೇ ನಕ್ಕುಬಿಟ್ಟಿದ್ದ. ಚಹಾದ ಬಸಿ ಕೆಳಗಿಟ್ಟು ಅಂಗಡಿಗೆ ಬಂದು ಕೂತ. ಕೈಗೆತ್ತಿಕೊಂಡ ಸೂಜಿಯನ್ನು ಮತ್ತೆ ನೂಲಿನ ಉಂಡೆಗೆ ಚುಚ್ಚಿಟ್ಟ. ಅವತ್ತು ಮಾಸ್ತರರು ಬೈದಾಗ ಸುಮ್ಮನೆ ಕೂತದ್ದು ಒಂದು, ಇವತ್ತು ನಕ್ಕದ್ದು ಇನ್ನೊಂದು. ಹೆದರಿ ಸುಮ್ಮನಾದೆ ಎಂದು ಮೊದಲನೆಯದಕ್ಕೆ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಏನು ಹೇಳುವುದು? ಅಂಗಡಿಯ ಬಾಗಿಲು ಎಳೆದು ಬ್ಯಾಡಗಿಯ ಬಸ್ಸು ಹಿಡಿದ.

ಬಸ್ಸು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ತಿರುಗುತ್ತಿದ್ದಂತೆ ಮೆಣಸಿನಕಾಯಿಯ ಘಾಟು ಗಾಳಿಯಲ್ಲಿ ಬಂತು. ಅದೊಂದು ಸಮಾಧಾನ. ಆ ಊರಿನಲ್ಲಿ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಹೊಳಿಯಪ್ಪನ ಮನೆ ಹಮಾಲರ ಓಣಿಯಲ್ಲಿತ್ತು. ಶೀಲಾ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಇವನನ್ನು ಕಂಡು ಮೊರ ಪಕ್ಕಕ್ಕಿಟ್ಟಳು.

"ಬರ್ರಿ ಕಾಕಾ, ಕುಂದ್ರಿ. ಏನು ಇಷ್ಟು ದೂರ?"

ಅಲ್ಲಾಬಕ್ಷ ಕೂರಲಿಲ್ಲ. "ಶೀಲವ್ವ, ಆ ಕೋಟು. ಚನ್ನೇಶ ಮುಚ್ಚಬ್ಯಾಡ ಅಂತ ಹೇಳಿದ್ದ. ನನಗ ತಿಳದಿತ್ತು. ತಿಳದೂ ಮುಚ್ಚಿದೆ. ಹೆಸರು ಬರತೈತಿ ಅನ್ನೂ ಆಸೇಕ ಮುಚ್ಚಿದೆ. ಅವತ್ತ ಮಾಸ್ತರು ನಿನ್ನ ಬೈಯುವಾಗ ನಾ ಅಲ್ಲೇ ಇದ್ದೆ."

ಶೀಲಾ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು.

"ನನಗ ಕೋಟು ಬಂದ ದಿನದ ಮಧ್ಯಾಹ್ನನ ಗೊತ್ತಾಗಿತ್ರಿ ಕಾಕಾ" ಎಂದಳು. "ಗೂಟಕ್ಕ ಹಾಕೂಮುಂದ ನೋಡಿದೆ. ಅಪ್ಪನ ಕೊಕ್ಕಿ ತಗೊಂಡು ಮತ್ತ ಹರೀಬೇಕಂತ ನಿಂತೆ. ಎಲ್ಲಿ ಹರೀಬೇಕು? ಮೊದಲು ಹರಿದದ್ದು ಎಲ್ಲಿ ಅಂತನ ಸಿಗಲಿಲ್ಲ. ಅಂಥಾ ಕೆಲಸಕ್ಕ ಕೊಕ್ಕಿ ಹಾಕಾಕ ಕೈ ಬರಲಿಲ್ಲ. ಅದಕ್ಕ ಅಷ್ಟು ಹೊತ್ತು ತೋರಿಸಿದೆ. ಹೊಲದದ್ದು ಯಾರಿಗರೆ ಒಬ್ಬರಿಗೆ ಕಾಣಬಹುದು, ಹರಿದಿತ್ತು ಅಂತ ತಿಳಿಬಹುದು ಅಂತ."

"ಕಾಣಲಿಲ್ಲ."

"ಎಲ್ಲಿ ಕಾಣತೈತ್ರಿ ನೀವು ಹೊಲದದ್ದು?" ಅವಳು ನಕ್ಕಳು. "ಬಿಡ್ರಿ. ಕೋಟು ಹರಿದಿದ್ರೂ ಜನ ನಿದ್ದಿ ಮಾಡತಿದ್ರು. ರೊಟ್ಟಿ ಬೇಯೂತನಾ ತೋರಿಸು ಅಂತ ನನಗ ನೀವು ಹೇಳಿದ್ದಿಲ್ಲಲ್ಲ."

"ತಪ್ಪು ನಂದು ಅಂತ ನೀ ಯಾಕ ಅಂದಿ ಮತ್ತ?"

"ನಂದೂ ಐತಲ್ರಿ. ಇದನ್ನ ಯಾರ ಮುಂದೂ ಹೇಳಾಕ ಹೋಗಬ್ಯಾಡ್ರಿ ನೀವು. ಸಿನಿಮಾ ಹೆಂಗೂ ಹೋತು. ನಿಮ್ಮ ಕೈ ಹೆಸರು ಯಾಕ ಕೆಡಸ್ಕೋತೀರಿ?"

ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬಂದದ್ದೇ ಬೈಸಿಕೊಳ್ಳಲು. ಈ ಹುಡುಗಿ ಅವನ ಹೆಸರನ್ನು ಇಷ್ಟು ದಿನ ಕಾಯ್ದಿದ್ದಳು, ಇನ್ನೂ ಕಾಯಲು ತಯಾರಿದ್ದಳು. ಅದು ಬೈಗಳಿಗಿಂತ ಆಳಕ್ಕೆ ಇಳಿಯಿತು.

ಅಷ್ಟರಲ್ಲಿ ಹೊಳಿಯಪ್ಪ ಬಂದ. ಬಿಸಿಲಿನ ಹೊತ್ತಿನಲ್ಲೂ ಮೈಮೇಲೆ ಅದೇ ಕಂದು ಕೋಟು. "ಸುಮ್ನ ಮನ್ಯಾಗ ಬಿದ್ದಿತ್ತು, ಹಾಕ್ಕೊಂಡೇನ್ರಿ" ಎಂದ. "ಇದರ ಬೆನ್ನಾಗ ಎಲ್ಲೋ ಹರಿದಿತ್ತಂತಲ್ರಿ, ಎಲ್ಲಿ ಅದು? ನನಗಂತೂ ಸಿಗವಲ್ದು." ಎಂದು ತಿರುಗಿ ಬೆನ್ನು ಕೊಟ್ಟು ನಿಂತ.

ಅಲ್ಲಾಬಕ್ಷ ಕನ್ನಡಕ ಏರಿಸಿಕೊಂಡು ಎಡಭುಜದ ಕೆಳಗೆ ಬೆರಳಾಡಿಸಿದ. ಉಗುರಿನಿಂದ ತಡವಿದ. ಗಿರಾಕಿಗಳು ಮಾಡುತ್ತಿದ್ದುದನ್ನೆಲ್ಲ ಮಾಡಿದ. ಸಿಗಲಿಲ್ಲ. ಗಿರಾಕಿಗಳಂತೆ ನಗಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ಫಕ್ಕೀರೇಶನ ಅಂಗಡಿಯಲ್ಲಿ ಆರೇಳು ಮಂದಿ ಇದ್ದರು. ಶಂಭುಲಿಂಗ ಮಾಸ್ತರು ಪೇಪರು ಹಿಡಿದಿದ್ದರು. ಅಲ್ಲಾಬಕ್ಷ ಬೆಂಚಿನ ತುದಿಯಲ್ಲಿ ಕೂತ.

"ಏನ್ರಿ ಸಾಬ್ರ, ನಿನ್ನೆ ಅಂಗಡಿ ಬಂದ್ ಮಾಡಿ ಎಲ್ಲಿ ಹೋಗಿದ್ರಿ? ಸತ್ತಾಕಿನ ಕರಕೊಂಡು ಬರಾಕ ಹೋಗಿದ್ರೇನು?" ಎಂದ ಫಕ್ಕೀರೇಶ.

"ಆ ಸಿನಿಮಾ ಕೆಡಿಸಿದಾಂವ ನಾನ" ಎಂದ ಅಲ್ಲಾಬಕ್ಷ.

ಜನ ನಗಲು ಬಾಯಿ ತೆರೆದರು. ಅವನ ಮುಖ ನೋಡಿ ಮುಚ್ಚಿದರು. ಅವನು ಬಸಿಯ ಕಡೆ ನೋಡುತ್ತ ಎಲ್ಲ ಹೇಳಿದ. ಹರಕು ಕಾಣಬೇಕು ಅಂದಿದ್ದರು, ತಾನು ಕಾಣದಂತೆ ಮಾಡಿದೆ, ಮಡಿಸಿ ಬಚ್ಚಿಟ್ಟು ಕೊಟ್ಟೆ.

"ಥೋ, ಸುಮ್ನಿರ್ರಿ" ಎಂದ ಫಕ್ಕೀರೇಶ. "ಒಂದು ಗೇಣು ಬಟ್ಟಿಯಿಂದ ಇಡೀ ಸಿನಿಮಾ ಕೆಡತೈತೇನು? ನಮ್ಮ ಹುಡುಗನ ಪ್ಯಾಂಟು ಮಾಡಿದ್ರಿ, ಅದು ಬ್ಯಾರೆ."

"ಕೇಳ್ರಿಲ್ಲೆ" ಎಂದು ಅಲ್ಲಾಬಕ್ಷ ಮೊದಲಿನಿಂದ ಕಥೆ ಹೇಳಲು ಶುರುಮಾಡಿದ. ಅವನಿಗೆ ಮಾತು ಬರುವುದಿಲ್ಲ, ತೊದಲಿದ. ಆದರೆ ಪ್ರತಿ ದೃಶ್ಯಕ್ಕೂ ಹೇಳಿದ, ಇಲ್ಲಿ ಕೋಟು ಹರಿದಿಲ್ಲ, ಆಕಿ ಅದಾಳ. ಇಲ್ಲಿ ಹರದೈತಿ ಅಂತ ತಿಳ್ಕೊಳ್ರಿ, ಆಕಿ ಇಲ್ಲ, ಇಂವ ಒಬ್ಬನ ಮಾತಾಡಾಕತ್ತಾನ. ಆಕಿ ಯಾಕ ತಿರುಗಿ ನೋಡವಲ್ಲಳು? ಅಲ್ಲಿ ಆಕಿ ಇಲ್ಲ, ಅದಕ್ಕ. ಚಹಾ ಕುದಿದು ಉಕ್ಕಿತು, ಫಕ್ಕೀರೇಶ ಒಲೆ ಸಣ್ಣ ಮಾಡಿ ಮತ್ತೆ ಬಂದು ನಿಂತ.

"ಹಂಗಾದ್ರ ಎರಡು ತಾಟು ಇಟ್ಟದ್ದು" ಎಂದರು ಶಂಭುಲಿಂಗ ಮಾಸ್ತರು. ಅವರ ದನಿ ಸಣ್ಣದಾಗಿತ್ತು. "ಅದು ಆಕಿ ಹೋದ ಮ್ಯಾಲೆ?"

"ಹೌದ್ರಿ ಸರ್. ಹೋದ ಮ್ಯಾಲೆ."

ಮಾಸ್ತರರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅಲ್ಲಿಯವರೆಗೆ ಯಾರಿಗೂ ನೆನಪಾಗಿರಲಿಲ್ಲ. ಅವರು ಪೇಪರನ್ನು ಮಡಿಸಿದರು, ಇನ್ನೂ ಒಮ್ಮೆ ಮಡಿಸಿದರು.

"ಅವತ್ತ ಹೇಳಬೇಕಿತ್ತು ಸಾಬ್ರ" ಎಂದರು. "ನೀವು ಎರಡನೇ ಸಾಲಿನ್ಯಾಗ ಕುಂತಿದ್ರಿ. ನಾ ಅಷ್ಟು ಮಂದಿ ಮುಂದ ಆ ಹುಡುಗಿಗೆ ಅಪ್ಪನ ದುಡಿಮಿ ಹಾಳಮಾಡಿದಿ ಅಂದೆ. ನೀವು ಒಂದು ಮಾತು ಅಂದಿದ್ರ ನಾ ಹಂಗ ಅಂತಿದ್ದಿಲ್ಲ."

ಅಲ್ಲಾಬಕ್ಷ ತಲೆ ತಗ್ಗಿಸಿದ. ಕೊರಳಲ್ಲಿ ಈಗ ಹಾರ ಇರಲಿಲ್ಲ, ಆದರೂ ಏಲಕ್ಕಿಯ ವಾಸನೆ ಬಂದಂತಾಯಿತು. ಫಕ್ಕೀರೇಶ ಇಬ್ಬರ ಮುಂದೆಯೂ ಚಹಾ ತಂದಿಟ್ಟ, ಏನೂ ಚೇಷ್ಟೆ ಮಾಡಲಿಲ್ಲ.

"ಬ್ಯಾಡಗಿ ಬಸ್ಸು ಎಷ್ಟಕ್ಕ ಐತಿ?" ಎಂದು ಮಾಸ್ತರು ಕೇಳಿದರು.

"ಅರ್ಧಾ ತಾಸಿಗೊಂದು ಐತ್ರಿ" ಎಂದ ಅಲ್ಲಾಬಕ್ಷ, ತಲೆ ಎತ್ತದೆ. "ಹಮಾಲರ ಓಣಿ. ಹೊಳಿಯಪ್ಪನ ಮನಿ ಅಂತ ಕೇಳ್ರಿ."